ಬೂಟ್ ಡಿಸ್ಕ್ ತುಂಬಿತು ಅಂತ ಅಳಿಸುವ ಮೊದಲು

ಮಾನ್ಯ ಸಂಪಾದಕರೇ,

ಹಳೆಯ ಕಂಪ್ಯೂಟರನ್ನೇ ಮನೆಯ ಸ್ಟೋರೇಜ್ ಸರ್ವರ್ ಮಾಡಿಕೊಳ್ಳುವುದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಇಂಥ ವಿಷಯ ಕನ್ನಡದಲ್ಲಿ ಬರುವುದೇ ಕಡಿಮೆ, ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಕೊನೆಯಲ್ಲಿ ಒಂದು ಮಾತಿದೆ. ಬೂಟ್ ಡಿಸ್ಕಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಸಿಸ್ಟಂ ಇರುವ ಡಿಸ್ಕಿನಲ್ಲಿ, ನಮ್ಮದು ಅನ್ನುವಂಥದ್ದು ಏನೂ ಇರುವುದಿಲ್ಲ, ತುಂಬಿದರೆ ಅಳಿಸಿ ಹೊಸದಾಗಿ ಹಾಕಿಕೊಳ್ಳಿ, ಇಲ್ಲವೇ ದೊಡ್ಡದು ಕೊಳ್ಳಿ ಅಂತ. ಆ ಮಾತು ಕೇಳಿದ್ದರೆ ಹೋದ ವರ್ಷ ಜೂನ್‌ನಲ್ಲಿ ಒಂದು ಮನೆಯವರ ಗೃಹಪ್ರವೇಶದ ಫೋಟೋ ಒಂದೂ ಉಳಿಯುತ್ತಿರಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗಿದೆ, ಗೊತ್ತು.

ನಾನು ಸಾಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟು 31 ವರ್ಷ ಆಯಿತು. ಕೆಳಗೆ ಸ್ಟುಡಿಯೋ, ಮೇಲೆ ಮನೆ. ನೆಗೆಟಿವ್ ಕಾಲದಲ್ಲಿ ನಮ್ಮ ಮಲೆನಾಡಿನವರ ಶತ್ರು ಬೂಷ್ಟು. ಮಳೆಗಾಲ ಪೂರ್ತಿ ಮರದ ಕಪಾಟಿನೊಳಗೆ ಬಲ್ಬ್ ಉರಿಸಿ ಕ್ಯಾಮೆರಾ, ಲೆನ್ಸ್, ನೆಗೆಟಿವ್ ಎಲ್ಲ ಬೆಚ್ಚಗೆ ಇಡುತ್ತಿದ್ದೆವು. ಈಗ ಆ ಕಪಾಟಿನ ಪಕ್ಕದಲ್ಲೇ ಸರ್ವರ್ ಕೂತಿದೆ. ಸರ್ವರ್ ಅಂದರೆ ದೊಡ್ಡದೇನಲ್ಲ. ಮಗಳು ಓದುವಾಗ ಕೊಂಡಿದ್ದ ಕಂಪ್ಯೂಟರ್. ಪಕ್ಕದ ಊರಿನ ಒಂದು ಅಂಗಡಿಯವರು ಅದಕ್ಕೆ ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿ, 120 ಜಿಬಿಯ ಎಸ್‌ಎಸ್‌ಡಿ ಡಿಸ್ಕಿನಿಂದ ಬೂಟ್ ಆಗುವ ಹಾಗೆ ಮಾಡಿ, ಫೋಟೋಗಳಿಗೆ ಬೇರೆ 4 ಟಿಬಿ ಡಿಸ್ಕನ್ನು ಹೊರಗಿನ ಪೆಟ್ಟಿಗೆಯಲ್ಲಿ ಕೂರಿಸಿ ಕೊಟ್ಟರು. ಆ ಪೆಟ್ಟಿಗೆಗೆ ಅದರದೇ ಅಡಾಪ್ಟರ್. ವಿಂಡೋಸ್ ಕಂಪ್ಯೂಟರಿನಲ್ಲಿ ಎಡಿಟ್ ಮಾಡಿದ್ದೆಲ್ಲ ರಾತ್ರಿ 11ಕ್ಕೆ ತಾನೇ ಸರ್ವರಿಗೆ ಕಾಪಿ ಆಗುತ್ತದೆ. ಮೂರು ವರ್ಷ ಏನೂ ತಕರಾರಿಲ್ಲದೆ ನಡೆಯಿತು.

ಜೂನ್ ಮೊದಲ ವಾರ, ಆಷಾಢ ಬರುವುದರೊಳಗೆ ಮುಗಿಸಿಬಿಡೋಣ ಅಂತ ಆನಂದಪುರದ ಹತ್ತಿರ ಒಬ್ಬರು ಗೃಹಪ್ರವೇಶ ಇಟ್ಟುಕೊಂಡಿದ್ದರು. ನಾನೇ ಹೋಗಿದ್ದೆ. ಸಂಜೆ ಬಂದು ಎರಡು ಕಾರ್ಡ್ ಸ್ಟುಡಿಯೋ ಹುಡುಗನ ಕೈಗೆ ಕೊಟ್ಟು, ಇದನ್ನು ಸರ್ವರಿಗೆ ಹಾಕಿ ಕಾರ್ಡ್ ಖಾಲಿ ಮಾಡು, ನಾಳೆ ಬೆಳಿಗ್ಗೆ ಶಾಲೆಯ ಗ್ರೂಪ್ ಫೋಟೋ ಇದೆ ಅಂದೆ. ಆ ದಿನ ಮಧ್ಯಾಹ್ನದಿಂದ ಗುಡುಗು. ಕರೆಂಟ್ ಎರಡು ಮೂರು ಸಲ ಹೋಗಿ ಬಂದಿತ್ತು. ಯುಪಿಎಸ್ ಬ್ಯಾಟರಿ ಮುದಿಯಾಗಿತ್ತು, ಬದಲಾಯಿಸೋಣ ಅಂತಲೇ ಎರಡು ಮಳೆಗಾಲ ಕಳೆದಿದ್ದೆ.

ಮಾರನೇ ದಿನ ಬೆಳಿಗ್ಗೆ ವಿಂಡೋಸ್ ಪರದೆ ಮೇಲೆ ಸರ್ವರಿನಲ್ಲಿ ಜಾಗ ಇಲ್ಲ, ಕಾಪಿ ನಿಂತಿದೆ ಅಂತ ಬಂದಿತ್ತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸರ್ವರ್ ರೀಸ್ಟಾರ್ಟ್ ಮಾಡಿದೆ. ಎದ್ದ ಮೇಲೆ ನೋಡಿದರೆ ಫೋಟೋ ಡಿಸ್ಕಿನಲ್ಲಿ 1.3 ಟಿಬಿ ಖಾಲಿ! ಜಾಗ ಇಲ್ಲ ಅಂದಿದ್ದು ಯಾಕೆ? ಹೋಗಲಿ ಅಂತ ಬಿಟ್ಟೆ. ಮಧ್ಯಾಹ್ನ ಗೃಹಪ್ರವೇಶದ ಫೋಲ್ಡರ್ ಹುಡುಕಿದರೆ ಅದು ಇಲ್ಲ.

ಹುಡುಗ ಹಾಕಿದೀನಿ ಅಣ್ಣಾ, ನನ್ನ ಕೈಯಾರೆ ಹಾಕಿದೀನಿ ಅಂತಾನೆ. ಕಾರ್ಡ್‌ಗಳಲ್ಲಿ ಆಗಲೇ ಶಾಲೆ ಮಕ್ಕಳ ಫೋಟೋ ಕೂತಿದ್ದವು. ಅವನಿಗೆ ನಾನು ಅವತ್ತು ಬೈದದ್ದನ್ನು ಇಲ್ಲಿ ಬರೆಯಲಾರೆ. ಮೂಲೆಯಲ್ಲಿ ನಿಂತು, ಒಂದು ಮಾತು ಅಣ್ಣಾ, ನಾನು ಹಾಕೋವಾಗ ಬೇರೆ ಯಾವ ಫೋಲ್ಡರೂ ಇರಲಿಲ್ಲ, ನೀವೇ ಎಲ್ಲೋ ತೆಗೆದಿಟ್ಟಿರಬೇಕು ಅಂದ್ಕೊಂಡೆ ಅಂದ. ಪೂರ್ತಿ ಕಥೆ ಆ ಒಂದು ಮಾತಿನಲ್ಲೇ ಇತ್ತು. ನನಗೆ ಅರ್ಥ ಆಗಲಿಲ್ಲ. ಸುಳ್ಳು ಹೇಳ್ತಿದ್ದಾನೆ ಅಂದುಕೊಂಡೆ.

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಮುಖ ನೋಡಿ ಫೋಟೋ ಹುಡುಕಿಕೊಡುವ ಒಂದು ಪ್ರೋಗ್ರಾಂ ಸರ್ವರಿನಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ತಂತ್ರಾಂಶ) ಮೇಲೆ ಓಡುತ್ತದೆ, ಅದು ಮೇಲೇಳಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. ಅವರು ಅಲ್ಲಿಂದಲೇ ಒಳಗೆ ಹೊಕ್ಕು ನೋಡಿ ಎರಡೇ ನಿಮಿಷದಲ್ಲಿ ಹೇಳಿದರು: ಬೂಟ್ ಎಸ್‌ಎಸ್‌ಡಿ ಫುಲ್ ಆಗಿದೆ ಸಾರ್, 120 ಈಗಿನ ಕಾಲಕ್ಕೆ ಸಾಲಲ್ಲ, ತಂದುಬಿಡಿ, 500 ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡ್ತೀನಿ. ಹಳೇದರಲ್ಲಿ ಏನಾದರೂ ಇದ್ದರೆ ಅಂದೆ. ಬೂಟ್ ಡ್ರೈವಲ್ಲಿ ಏನಿರುತ್ತೆ ಸಾರ್ ಅಂದರು. ನಿಮ್ಮ ಲೇಖನದ ಮಾತೇ ಅಲ್ವಾ?

ತೆಗೆದುಕೊಂಡು ಹೋಗುವವನೇ ಇದ್ದೆ. ಮಳೆ ಜೋರಾಯಿತು ಅಂತ ನಿಂತೆ. ಅವತ್ತು ರಾತ್ರಿ ಅಕ್ಕನ ಮಗ ಬೇರೆ ಯಾವುದಕ್ಕೋ ಮೈಸೂರಿನಿಂದ ಫೋನ್ ಮಾಡಿದ. ಕಂಪ್ಯೂಟರ್ ಕೆಲಸದಲ್ಲೇ ಇದ್ದಾನೆ. ವಿಷಯ ಹೇಳಿದೆ. ಮಾವ, ತರಬೇಡಿ, ಆಫ್ ಮಾಡಬೇಡಿ, ಏನೂ ಡಿಲೀಟ್ ಮಾಡಬೇಡಿ, ಕೀಬೋರ್ಡ್ ಮುಂದೆ ಕೂತ್ಕೊಳಿ ಅಂದ. ನನ್ನ ಹೆಂಡತಿ ಫೋನ್ ಸ್ಪೀಕರಿಗೆ ಹಾಕಿ ಹಿಡಿದುಕೊಂಡಳು. ಅವನು ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ.

ಇಲ್ಲಿ ಒಂದು ಮಾತು. ಕಮಾಂಡ್‌ಗಳನ್ನು ಬೇಕೆಂದೇ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಲೇಖನದಲ್ಲಿ ಮೂರು ಕಮಾಂಡ್ ಅಚ್ಚಾಗಿದ್ದವು. ಜೋಡಿ ಮೈನಸ್ ಇರಬೇಕಾದ ಕಡೆ ಒಂದು ಉದ್ದ ಗೆರೆ ಬಂದಿದೆ. ಪುಟ ಕಟ್ಟುವ ತಂತ್ರಾಂಶ ತಾನೇ ಹಾಗೆ ಮಾಡುತ್ತದಂತೆ. ನೋಡಲು ಚಂದ, ಆದರೆ ಲಿನಕ್ಸಿಗೆ ಆ ಗೆರೆ ಗೊತ್ತಿಲ್ಲ. ನೋಡಿಕೊಂಡು ಒತ್ತಿದವರಿಗೆ ಬರೀ ಬೈಗುಳ ಬಂದಿರುತ್ತದೆ.

ಮೊದಲು ಒತ್ತಿಸಿದ್ದು ಡಿ ಎಫ್, ಜಾಗ (ಸ್ಪೇಸ್ ಬಾರ್), ಮೈನಸ್ ಎಚ್. ಯಾವ ಡಿಸ್ಕ್ ಎಷ್ಟು ತುಂಬಿದೆ ಅಂತ ಇದು ಹೇಳುತ್ತದೆ. ಬೂಟ್ ಡಿಸ್ಕಿನ ಸಾಲಿನಲ್ಲಿ ಒಟ್ಟು 108, ಬಳಸಿದ್ದು 103, ಉಳಿದದ್ದು 0. ನನಗೆ ತಕ್ಷಣ ಎರಡು ಅನುಮಾನ. ಕೊಟ್ಟಿದ್ದು 120, ಇಲ್ಲಿ 108 ಯಾಕೆ? ಕಂಪನಿಯವರು 1000ದ ಲೆಕ್ಕದಲ್ಲಿ ಮಾರುತ್ತಾರೆ, ಈ ಕಮಾಂಡ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಜೊತೆಗೆ ಸ್ವಾಪ್ ಅದು ಇದು ಅಂತ ಸ್ವಲ್ಪ ಬೇರೆ ಭಾಗಕ್ಕೆ ಹೋಗಿರುತ್ತದೆ. ಸರಿ, 108ರಲ್ಲಿ 103 ಹೋದರೆ 5 ಉಳಿಯಬೇಕಲ್ಲ, ಸೊನ್ನೆ ಹೇಗೆ? ಆ 5 ರೂಟ್‌ಗೆ, ಅಂದರೆ ಯಜಮಾನನ ಖಾತೆಗೆ ಎತ್ತಿಟ್ಟದ್ದಂತೆ. ಇಎಕ್ಸ್‌ಟಿ4 ಅನ್ನುವ ಫೈಲ್ ವ್ಯವಸ್ಥೆ ಮೊದಲಿನಿಂದಲೇ ನೂರಕ್ಕೆ 5 ಪಾಲು ಹಾಗೆ ಎತ್ತಿಡುತ್ತದೆ. ಉಳಿದವರು ಪೂರ್ತಿ ತುಂಬಿಸಿದರೂ ಯಜಮಾನ ಒಳಗೆ ಬಂದು ಕಸ ತೆಗೆಯಬಹುದು. ನನ್ನ ಸರ್ವರ್ ಇನ್ನೂ ಮಾತಾಡುತ್ತಿದ್ದುದು ಆ 5 ಜಿಬಿಯ ದಯೆಯಿಂದ. ಫೋಟೋ ಹುಡುಕುವ ಪ್ರೋಗ್ರಾಂನ ಡೇಟಾಬೇಸ್ ಯಜಮಾನನ ಹೆಸರಲ್ಲಿ ಓಡುವುದಿಲ್ಲ, ಅದಕ್ಕೇ ಅದು ಮಲಗಿತ್ತು. ಆ 5 ಪಾಲನ್ನು ಕಡಿಮೆ ಮಾಡುವ ಕಮಾಂಡ್ ಇದೆ ಅಂತ ಕೆಲವರು ಹೇಳಿಕೊಡುತ್ತಾರೆ. ಬೂಟ್ ಡಿಸ್ಕಿಗೆ ಮಾತ್ರ ಬೇಡ.

ಆಮೇಲೆ ದಿನಾ ಬೀಳುವ ಕಸ. ಮಾಮೂಲಿ ಕಳ್ಳರು ಇವರೇ, ಹೆಚ್ಚಿನವರ ಮನೆಯಲ್ಲಿ ತುಂಬಿಸುವುದೂ ಇವರೇ. ಸಿಸ್ಟಂ ಬರೆದುಕೊಳ್ಳುವ ದಿನಚರಿ, ಜರ್ನಲ್ ಅಂತಾರೆ, 3.9 ಜಿಬಿ ಇತ್ತು. ಯಾರೂ ಏನೂ ಹೇಳದಿದ್ದರೆ ಅದು ಡಿಸ್ಕಿನ ಹತ್ತನೇ ಒಂದು ಪಾಲು ಅಥವಾ 4 ಜಿಬಿ, ಯಾವುದು ಕಡಿಮೆಯೋ ಅಲ್ಲಿವರೆಗೂ ಬೆಳೆಯುತ್ತದೆ. ಜರ್ನಲ್‌ಸಿಟಿಎಲ್ ಮೈನಸ್ ಮೈನಸ್ ವ್ಯಾಕ್ಯೂಮ್ ಮೈನಸ್ ಸೈಜ್ ಅಂತ ಹೊಡೆದು 200 ಎಂಬಿಗೆ ಇಳಿಸಿದೆವು. ಮತ್ತೆ ಬೆಳೆಯದ ಹಾಗೆ ಜರ್ನಲ್‌ಡಿ ಡಾಟ್ ಕಾನ್ಫ್ ಫೈಲಿನಲ್ಲಿ ಸಿಸ್ಟಂಮ್ಯಾಕ್ಸ್‌ಯೂಸ್ ಅನ್ನುವ ಸಾಲಿಗೆ 300 ಎಂಬಿ ಮಿತಿ ಹಾಕಿದೆವು. ಅಪ್‌ಡೇಟ್ ಮಾಡುವಾಗ ಇಳಿಸಿಕೊಂಡ ಹಳೆಯ ಪ್ಯಾಕೆಟ್‌ಗಳು ಒಂದೂವರೆ ಜಿಬಿ ಇದ್ದವು, ಎಪಿಟಿ ಕ್ಲೀನ್ ಅಂದರೆ ಹೋದವು. ಹಳೆಯ ಕರ್ನಲ್‌ಗಳಿಗೆ, ಅಂದರೆ ಲಿನಕ್ಸಿನ ತಿರುಳಿನ ಹಳೆಯ ಆವೃತ್ತಿಗಳಿಗೆ, ಎಪಿಟಿ ಆಟೋರಿಮೂವ್. ಡಾಕರ್‌ನದ್ದು ಸ್ವಲ್ಪ ಬೇರೆ. ಪ್ರೋಗ್ರಾಂ ಹೊಸದು ಬಂದಾಗಲೆಲ್ಲ ಹೊಸ ಇಮೇಜ್ (ಫೋಟೋ ಅಲ್ಲ, ಪ್ರೋಗ್ರಾಂನ ಪೂರ್ತಿ ಗಂಟು) ಇಳಿಯುತ್ತದೆ, ಹಳೆಯದು ಅಲ್ಲೇ ಬಿದ್ದಿರುತ್ತದೆ, ಹಳೆಯ ಊರಿನ ಮನೆ ಅಟ್ಟದ ಹಾಗೆ. ಡಾಕರ್ ಇಮೇಜ್ ಪ್ರೂನ್ ಮೈನಸ್ ಎ ಅಂದರೆ ಯಾವ ಡಬ್ಬಿಗೂ, ಅಂದರೆ ಕಂಟೇನರಿಗೂ, ಬೇಡವಾದವು ಹೋಗುತ್ತವೆ. 5 ಜಿಬಿ ಬಂತು. ಅದರ ಲಾಗ್‌ಗೂ, ಅಂದರೆ ಡಾಕರ್‌ನ ದಿನಚರಿಗೂ, ಮೊದಲಿಗೆ ಮಿತಿ ಇರುವುದಿಲ್ಲ, ಮ್ಯಾಕ್ಸ್ ಸೈಜ್ ಅಂತ ನಾವೇ ಹಾಕಬೇಕು. ಮಿತಿ ಹಾಕಿದ ಮೇಲೆ ಹೊಸದಾಗಿ ಹುಟ್ಟಿದ ಕಂಟೇನರಿಗೆ ಮಾತ್ರ ಅದು ಅನ್ವಯ, ಹಳೆಯದನ್ನು ತೆಗೆದು ಮತ್ತೆ ಮಾಡಬೇಕು.

ಒಟ್ಟು ಸುಮಾರು 10 ಜಿಬಿ ಬಿಡುವಾಯಿತು. ಪ್ರೋಗ್ರಾಂ ಎದ್ದು ಕೂತಿತು. ರಾತ್ರಿ ಹನ್ನೊಂದೂವರೆ. ನಾನು, ಸಾಕು ಮಾರಾಯ, ಮಲಗೋಣ ಅಂದೆ. ಅವನು ಬಿಡಲಿಲ್ಲ. ಮಾವ, ಲೆಕ್ಕ ತಾಳೆ ಆಗಿಲ್ಲ ಅಂದ.

ಡಿ ಯು ಅನ್ನುವ ಇನ್ನೊಂದು ಕಮಾಂಡ್ ಇದೆ. ಡಿ ಎಫ್ ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ, ಒಟ್ಟು ಎಷ್ಟು ಅಂತ ಹೇಳುತ್ತದೆ. ಡಿ ಯು ಫೋಲ್ಡರ್ ಫೋಲ್ಡರಿಗೂ ಹೋಗಿ ಕೈಯಲ್ಲಿ ಎಣಿಸಿ ಬರುತ್ತದೆ. ಎಣಿಸುವಾಗ ಮೈನಸ್ ಎಕ್ಸ್ ಸೇರಿಸಿದರೆ ಬೇರೆ ಡಿಸ್ಕಿಗೆ ಕಾಲಿಡದೆ ಬೂಟ್ ಡಿಸ್ಕಿನದ್ದಷ್ಟೇ ಎಣಿಸುತ್ತದೆ. ಕಸ ತೆಗೆಯುವ ಮೊದಲೇ ಅವನು ಎರಡನ್ನೂ ಬರೆಸಿಕೊಂಡಿದ್ದ. ಪಾಸ್‌ಬುಕ್ 103 ಅಂದಿತ್ತು. ಎಣಿಸಿದಾಗ ಸಿಕ್ಕಿದ್ದು 19. ಇನ್ನು 84 ಜಿಬಿ ಎಲ್ಲಿ?

ಅಳಿಸಿದ ಫೈಲನ್ನು ಯಾವುದಾದರೂ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದ್ದರೆ ಹೀಗಾಗುವುದುಂಟಂತೆ. ಹೆಸರು ಹೋಗಿರುತ್ತದೆ, ಜಾಗ ಹೋಗಿರುವುದಿಲ್ಲ. ಅದನ್ನು ನೋಡಲು ಎಲ್‌ಎಸ್‌ಒಎಫ್ ಪ್ಲಸ್ ಎಲ್ 1. ನಮ್ಮಲ್ಲಿ ಹಾಗೇನೂ ಇರಲಿಲ್ಲ. ಹೇಗೂ ಬೆಳಿಗ್ಗೆ ರೀಸ್ಟಾರ್ಟ್ ಮಾಡಿದ್ದೆನಲ್ಲ, ಇದ್ದರೂ ಆಗಲೇ ಹೋಗಿರುತ್ತಿತ್ತು.

ಆಗ ಅವನು ಕೇಳಿದ: ಮಾವ, ನಿನ್ನೆ ಕರೆಂಟ್ ಹೋಗಿತ್ತಾ? ಸ್ಟುಡಿಯೋ ಹುಡುಗ ಏನಾದರೂ ಹೇಳಿದನಾ?

ಹೇಳಿದ್ದನ್ನು ಹೇಳಿದೆ. ಆ ಕಡೆ ಅವನು ನಕ್ಕಿದ್ದು ಕೇಳಿಸಿತು.

ವಿಷಯ ಇಷ್ಟು. ಲಿನಕ್ಸಿನಲ್ಲಿ ಡಿಸ್ಕಿಗೆ ಸಿ, ಡಿ ಅಂತ ಬೇರೆ ಬಾಗಿಲು ಇರುವುದಿಲ್ಲ. ಬೂಟ್ ಡಿಸ್ಕಿನಲ್ಲೇ ಡೇಟಾ ಅಂತ ಒಂದು ಖಾಲಿ ಫೋಲ್ಡರ್ ಮಾಡಿ, ಅದರ ಮೇಲೆ ದೊಡ್ಡ ಡಿಸ್ಕನ್ನು ತಂದು ಕೂರಿಸುತ್ತಾರೆ. ಇದಕ್ಕೆ ಮೌಂಟ್ ಅಂತಾರೆ. ಕೂರಿಸಿದಾಗ ಆ ಫೋಲ್ಡರ್ ತೆಗೆದರೆ ಕಾಣುವುದು ದೊಡ್ಡ ಡಿಸ್ಕ್. ಕೂರಿಸದೆ ಇದ್ದರೂ ಫೋಲ್ಡರ್ ಇರುತ್ತದೆ, ಖಾಲಿಯಾಗಿ, ಬೂಟ್ ಡಿಸ್ಕಿನ ಭಾಗವಾಗಿ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ಗೂಡು ಇರುತ್ತಿತ್ತಲ್ಲ, ದೀಪ ಇಡುವುದಕ್ಕೆ. ಅದರ ಮುಂದೆ ಕ್ಯಾಲೆಂಡರ್ ತೂಗುಹಾಕಿದರೆ ಗೂಡು ಕಾಣುವುದಿಲ್ಲ. ಒಂದು ದಿನ ಕ್ಯಾಲೆಂಡರ್ ಬಿದ್ದಾಗ ಯಾರೋ ಗೂಡಿನಲ್ಲಿ ಬೀಗದ ಕೈ ಇಟ್ಟರು. ನೀವು ಬಂದು ಕ್ಯಾಲೆಂಡರ್ ಮತ್ತೆ ತೂಗುಹಾಕಿದಿರಿ. ಈಗ ಕೈ ಹುಡುಕಿ ನೋಡೋಣ.

ಅವತ್ತು ಸಂಜೆ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಎದ್ದಿತು, ಹೊರಗಿನ ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಏಳಲಿಲ್ಲ. ಪೆಟ್ಟಿಗೆಯ ಅಡಾಪ್ಟರ್ ಯುಪಿಎಸ್‌ಗೆ ಅಲ್ಲ, ಗೋಡೆಯ ಪ್ಲಗ್ಗಿಗೆ ಇತ್ತು. ಡಿಸ್ಕ್ ಸಿಗದಿದ್ದರೂ ನಿಲ್ಲಬೇಡ, ಮುಂದೆ ಹೋಗು ಅಂತ ನೋಫೇಲ್ ಅನ್ನುವ ಸೂಚನೆ ಅಂಗಡಿಯವರು ಮೊದಲೇ ಬರೆದಿದ್ದರು. ಅದು ತಪ್ಪಲ್ಲ. ಇಲ್ಲದಿದ್ದರೆ ಪರದೆ ಇಲ್ಲದ ಸರ್ವರ್ ಅರ್ಧಕ್ಕೇ ನಿಂತು ಕೀಬೋರ್ಡಿಗೆ ಕಾಯುತ್ತಿತ್ತು. ಆದರೆ ಡಿಸ್ಕ್ ಕೂರಿಸುವ ಮೊದಲು ಆ ಖಾಲಿ ಫೋಲ್ಡರಿಗೆ ಯಾರು ಬೇಕಾದರೂ ಬರೆಯಬಹುದು ಅಂತ 777 ಅನುಮತಿ ಕೊಟ್ಟು ಹಾಗೇ ಬಿಟ್ಟಿದ್ದರು. ಅದು ತಪ್ಪು. ಹುಡುಗ ಪಾಪ ಎದುರಿಗೆ ಕಂಡ ಖಾಲಿ ಫೋಲ್ಡರಿಗೆ ಗೃಹಪ್ರವೇಶ ಹಾಕಿದ, 31 ಜಿಬಿ. ರಾತ್ರಿ 11ಕ್ಕೆ ಕಾಪಿ ಪ್ರೋಗ್ರಾಂ ಬಂತು, ಆ ಕಡೆ ಏನೂ ಇಲ್ಲದ್ದು ನೋಡಿ ಸೀಸನ್ನಿನ ಮದುವೆಗಳನ್ನೆಲ್ಲ ಮೊದಲಿನಿಂದ ತುಂಬತೊಡಗಿತು. 53 ಜಿಬಿ ಆದ ಮೇಲೆ ಜಾಗ ಮುಗಿಯಿತು. ಬೆಳಿಗ್ಗೆ ನಾನು ರೀಸ್ಟಾರ್ಟ್ ಮಾಡಿ ಕ್ಯಾಲೆಂಡರ್ ತೂಗುಹಾಕಿದೆ.

ಗೂಡಿನೊಳಗೆ ನೋಡಲು ದೊಡ್ಡ ಡಿಸ್ಕನ್ನು ಇಳಿಸಬಹುದು. ಆದರೆ ಅದನ್ನು ಯಾವುದೋ ಪ್ರೋಗ್ರಾಂ ಬಳಸುತ್ತಿದ್ದರೆ ಬಿಝಿ ಅಂತ ಹಟ ಹಿಡಿಯುತ್ತದೆ. ಅಕ್ಕನ ಮಗ ಬೇರೆ ದಾರಿ ಹೇಳಿದ. ಎಂಎನ್‌ಟಿ ಅನ್ನುವ ಫೋಲ್ಡರಿನ ಒಳಗೆ ರೂಟ್ ಅಂತ ಒಂದು ಖಾಲಿ ಫೋಲ್ಡರ್ ಮಾಡಿ, ಮೌಂಟ್, ಮೈನಸ್ ಮೈನಸ್ ಬೈಂಡ್, ಒಂದು ಓರೆಗೆರೆ, ಆಮೇಲೆ ಆ ಫೋಲ್ಡರಿನ ದಾರಿ. ಬೂಟ್ ಡಿಸ್ಕಿನ ಇನ್ನೊಂದು ನೋಟ ಅಲ್ಲಿ ತೆರೆದುಕೊಳ್ಳುತ್ತದೆ, ಮೇಲೆ ಕೂತವರು ಯಾರೂ ಇಲ್ಲದೆ. ಅಲ್ಲಿಂದ ಡೇಟಾ ಫೋಲ್ಡರ್ ತೆಗೆಸಿದ. ಸಾಲಾಗಿ ಹೆಸರುಗಳು ಬಂದವು. ಮೊದಲ ಹೆಸರೇ ಗೃಹಪ್ರವೇಶ ಆನಂದಪುರ. ಒಂದು ಫೋಟೋ ವಿಂಡೋಸಿಗೆ ತಂದು ತೆಗೆದೆ. ಹೊಸ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಆ ಮನೆಯ ಅಜ್ಜಿ ಸೆರಗು ಹಿಡಿದು ಬಗ್ಗಿದ್ದರು. ಇದೊಂದು ಬರಲೇಬೇಕು ಅಂತ ಅವರು ನನಗೆ ಎರಡು ಸಲ ಹೇಳಿದ್ದರು. ನನ್ನ ಹೆಂಡತಿ ಫೋನ್ ಕೆಳಗಿಟ್ಟು ಹೋಗಿ ಕಾಫಿಗೆ ಇಟ್ಟಳು. ಹನ್ನೆರಡೂವರೆಗೆ.

ಆಮೇಲಿನದೇ ಹೆಚ್ಚು ಭಯದ ಕೆಲಸ. ಗೃಹಪ್ರವೇಶದ ಫೋಲ್ಡರನ್ನು ದೊಡ್ಡ ಡಿಸ್ಕಿಗೆ ಕಾಪಿ ಮಾಡಿದೆವು, ಸರಿಸಲಿಲ್ಲ. ಎರಡೂ ಕಡೆ ಫೈಲ್ ಎಣಿಸಿದೆವು. ಆರ್‌ಸಿಂಕ್ ಅನ್ನುವ ಕಾಪಿ ಕಮಾಂಡ್‌ನಲ್ಲಿ ಮೈನಸ್ ಸಿ ಹಾಕಿ ಒಳಗಿನದ್ದು ಒಂದೇ ಹೌದೋ ಅಲ್ಲವೋ ಅಂತ ಹೋಲಿಸಿದೆವು. ಮದುವೆಗಳದ್ದು ಹೇಗೂ ಮೂಲ ಇತ್ತು, ಅದನ್ನೂ ಹೋಲಿಸಿ ಅಳಿಸಬೇಕಿತ್ತು. ಅಳಿಸುವಾಗ ಎರಡೂ ಕಡೆ ಫೋಲ್ಡರಿನ ಹೆಸರು ಒಂದೇ, ದಾರಿ ಮಾತ್ರ ಬೇರೆ. ಒಂದು ಕಡೆ ಅಳಿಸಿದರೆ ಕಸ ಹೋಗುತ್ತದೆ, ಇನ್ನೊಂದು ಕಡೆ ಅಳಿಸಿದರೆ ಮೂರು ವರ್ಷದ ಅನ್ನ ಹೋಗುತ್ತದೆ. ಎಂಟರ್ ಒತ್ತುವ ಮೊದಲು ಆ ಸಾಲನ್ನು ಗಟ್ಟಿಯಾಗಿ ಮೂರು ಸಲ ಓದಿಸಿದ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಓದಿದೆ.

ಕೊನೆಗೆ ಬೂಟ್ ಡಿಸ್ಕಿನಲ್ಲಿ ಬಳಕೆ 9 ಜಿಬಿ. 120 ಸಾಲಲ್ಲ ಅಂದಿದ್ದರಲ್ಲ!

ಗೂಡಿಗೆ ಮುಚ್ಚಳ ಹಾಕುವ ಉಪಾಯವೂ ಇದೆ, ಅದನ್ನೂ ಮಾಡಿದೆವು. ಸಿ ಎಚ್ ಎ ಟಿ ಟಿ ಆರ್, ಜಾಗ, ಪ್ಲಸ್ ಐ, ಆಮೇಲೆ ಆ ಕೆಳಗಿನ ಫೋಲ್ಡರಿನ ದಾರಿ. ಅಲ್ಲಿಗೆ ಆ ಖಾಲಿ ಫೋಲ್ಡರಿನಲ್ಲಿ ರೂಟ್ ಕೂಡ ಏನೂ ಬರೆಯಲಾಗದು. ಡಿಸ್ಕನ್ನು ಅದರ ಮೇಲೆ ಕೂರಿಸುವುದಕ್ಕೆ ಮಾತ್ರ ಅಡ್ಡಿ ಇಲ್ಲ. ಮುಂದೆ ಎಂದಾದರೂ ಡಿಸ್ಕ್ ಏಳದೆ ಹೋದರೆ ಕಾಪಿ ಅಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ, ನಮಗೆ ಗೊತ್ತಾಗುತ್ತದೆ. ಇದನ್ನು ಮಾಡುವಾಗ ಕೆಳಗಿನ ಫೋಲ್ಡರಿಗೇ ಮಾಡಬೇಕು, ಮೇಲೆ ಕೂತ ಡಿಸ್ಕಿಗೆ ಮಾಡಿದರೆ ಉಪಯೋಗವಿಲ್ಲ. ಪೆಟ್ಟಿಗೆಯ ಅಡಾಪ್ಟರ್ ಯುಪಿಎಸ್‌ಗೆ ಬಂತು, ಹೊಸ ಬ್ಯಾಟರಿಯೂ ಬಂತು. ಭಾನುವಾರ ಬೆಳಿಗ್ಗೆ ಆರ್ಡರ್ ಪುಸ್ತಕದ ಹಿಂದಿನ ಪುಟದಲ್ಲಿ ಡಿ ಎಫ್ ಎಷ್ಟು, ಡಿ ಯು ಎಷ್ಟು ಅಂತ ಬರೆದಿಡುತ್ತೇನೆ. ಹೋದ ವಾರ ಎರಡೂ 11. ಅರ್ಧ, ಒಂದು ಜಿಬಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಸ್ಟೋರೇಜ್ ಸರ್ವರಿಗೆಂದೇ ಟ್ರೂನ್ಯಾಸ್ ಅಂತ ಇನ್ನೊಂದು ವ್ಯವಸ್ಥೆ ಇದೆ. ಅದು ಬೂಟ್ ಡಿಸ್ಕಿನಲ್ಲಿ ನಮ್ಮ ಫೈಲ್ ಇಡಲು ಜಾಗವನ್ನೇ ಕೊಡುವುದಿಲ್ಲವಂತೆ. ಅಷ್ಟು ಜಾಗ ಸುಮ್ನೆ ದಂಡ ಅಂತ ಮೊದಲು ನನಗೂ ಅನಿಸಿತ್ತು. ಈಗ ಅನಿಸುವುದಿಲ್ಲ.

ಸರ್ವರ್ ಕೂರಿಸಿಕೊಡುವ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಯಾವ ಡಿಸ್ಕ್ ಯಾವ ಫೋಲ್ಡರಿನ ಮೇಲೆ ಕೂತಿದೆ ಅಂತ ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ ಕೊಡಿ. ತುಂಬಿದೆ ಅಂತ ಯಾರಾದರೂ ತಂದರೆ ಫಾರ್ಮ್ಯಾಟ್ ಮಾಡುವ ಮೊದಲು ಆ ಎರಡು ಲೆಕ್ಕ ತಾಳೆ ನೋಡಿ, ಐದು ನಿಮಿಷದ ಕೆಲಸ. ಸಂಪಾದಕರೇ, ನಿಮ್ಮಲ್ಲಿ ಕೋರಿಕೆ ಇನ್ನೂ ಸಣ್ಣದು. ಮುಂದಿನ ಸಲ ಕಮಾಂಡ್ ಅಚ್ಚು ಹಾಕುವಾಗ ಪುಟ ಕಟ್ಟುವವರಿಗೆ ಆ ಜೋಡಿ ಮೈನಸ್ ವಿಷಯ ಹೇಳಿಬಿಡಿ.

ಗೃಹಪ್ರವೇಶದ ಆಲ್ಬಂ ಆಷಾಢದಲ್ಲೇ ಕೊಟ್ಟಾಯಿತು. ಅದರೊಳಗೆ ಏನೇನು ನಡೆದಿತ್ತು ಅಂತ ಆ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಹುಡುಗನಿಗೆ ಮಾರನೇ ಬೆಳಿಗ್ಗೆಯೇ ಹೇಳಿದೆ, ತಪ್ಪು ನಂದು ಕಣೋ ಅಂತ. ಅವನು, ಹೌದಣ್ಣಾ, ನಾನು ಹೇಳಿದ್ನಲ್ಲ ಅಂದು ಕಾರ್ಡ್ ತೆಗೆದುಕೊಂಡು ಹೋದ. ಈಗ ಕಾಪಿ ಆದ ಮೇಲೂ ನಾನು ಹೇಳುವವರೆಗೆ ಕಾರ್ಡ್ ಖಾಲಿ ಮಾಡುವುದಿಲ್ಲ. ಅದಕ್ಕೇ ಇನ್ನೂ ನಾಲ್ಕು ಕಾರ್ಡ್ ಕೊಳ್ಳಬೇಕಾಯಿತು.

ಇತಿ,
ಒಬ್ಬ ಸ್ಟುಡಿಯೋದವ
ಸಾಗರ, ಶಿವಮೊಗ್ಗ ಜಿಲ್ಲೆ